ಕಬ್ಬಿಣ ತಿಂದ ಜ್ವರ

ಗೋಹರ್‌ತಾಜ್ ಕೆಲಸ ಮಾಡುವಾಗ ಮಾತಾಡುತ್ತಿರಲಿಲ್ಲ. ಮಾತಾಡಲು ಆಗುತ್ತಿರಲಿಲ್ಲ, ಅಷ್ಟೆ. ದಾರದ ಒಂದು ತುದಿ ಹಲ್ಲಿನ ನಡುವೆ, ಉಳಿದ ಎಳೆಗಳು ಬೆರಳುಗಳಲ್ಲಿ. ಶಾಲಿಕೊಲಾ ಎಂಬ ಆ ಊರಿನ ಹೆಂಗಸರ ಗಲ್ಲ, ಹುಬ್ಬು, ಮೇಲ್ತುಟಿಯ ಕೂದಲನ್ನು ಆ ದಾರ ಚರ್ರನೆ ಕಿತ್ತು ತೆಗೆಯುತ್ತಿತ್ತು. ಮದುವೆ ಗೊತ್ತಾದ ಹುಡುಗಿಯ ಮುಖಕ್ಕೆ ಮೊದಲ ಸಲ ದಾರ ಹಾಕಲು ಅವಳೇ ಬರಬೇಕು. ಕೆಲಸ ಮುಗಿದು ದಾರ ಬಾಯಿಂದ ಹೊರಬಂದದ್ದೇ ತಡ, ಅಷ್ಟು ಹೊತ್ತು ತಡೆದಿಟ್ಟ ಮಾತೆಲ್ಲ ಒಟ್ಟಿಗೆ ಬೀಳುತ್ತಿತ್ತು. ಆ ಮಾತಿಗೆ ಹೆದರದವರು ಊರಲ್ಲಿ ಯಾರೂ ಇರಲಿಲ್ಲ.

ನನಗೆ ಅವಳ ಪರಿಚಯವಾದದ್ದು ಊರಿನಲ್ಲಲ್ಲ, ನಗರದ ಆಸ್ಪತ್ರೆಯಲ್ಲಿ. ಅವಳ ಮಗ ತೂರಜ್‌ಗೂ ನನಗೂ ಒಂದೇ ಕಾಯಿಲೆ, ಥಲಸ್ಸೀಮಿಯಾ. ಕ್ಯಾಸ್ಪಿಯನ್ ಕಡಲಿನ ಈ ದಂಡೆಯಲ್ಲಿ ಆ ಕಾಯಿಲೆ ಹೊಗದ ಬೀದಿ ಇಲ್ಲ. ನಮ್ಮ ಮೈಯಲ್ಲಿ ಹುಟ್ಟುವ ರಕ್ತಕ್ಕೆ ಆಯುಷ್ಯ ಕಡಿಮೆ. ತಿಂಗಳಿಗೊಮ್ಮೆಯಾದರೂ ಬೇರೆಯವರ ರಕ್ತ ಹಾಕಿಸಿಕೊಂಡು ಬದುಕಬೇಕು. ಅವನೂ ನಾನೂ ಚಿಕ್ಕಂದಿನಿಂದ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು, ಮೇಲೆ ತೂಗುವ ಚೀಲದಿಂದ ಹನಿಹನಿಯಾಗಿ ಇಳಿಯುವ ಯಾರದೋ ರಕ್ತವನ್ನು ನೋಡುತ್ತ ದೊಡ್ಡವರಾದವರು.

ಆದರೆ ಬೇರೆಯವರ ರಕ್ತ ಬರಿಗೈಯಲ್ಲಿ ಬರುವುದಿಲ್ಲ. ಅದರ ಜೊತೆ ಕಬ್ಬಿಣ ಬರುತ್ತದೆ. ಬಂದ ಕಬ್ಬಿಣವನ್ನು ಹೊರಗೆ ಹಾಕಲು ಮನುಷ್ಯನ ಮೈಗೆ ದಾರಿಯಿಲ್ಲ. ಅದು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಕೂರುತ್ತದೆ, ಹೃದಯದಲ್ಲಿ ಕೂರುತ್ತದೆ. ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಕೊನೆಗೆ ಹೃದಯವೂ ನಿಲ್ಲುತ್ತದೆ.

ಗೋಹರ್‌ತಾಜ್‌ಗೆ ಇದೆಲ್ಲ ತೂರಜ್ ಹುಟ್ಟುವ ಮೊದಲೇ ಗೊತ್ತಿತ್ತು. ಅವಳ ಮೊದಲ ಮಗು ಮಾಹ್‌ರುಖ್ ಹೀಗೆಯೇ ಹೋದದ್ದು. ಆಗ ಯುದ್ಧದ ಕಾಲ. ರಕ್ತವೆಲ್ಲ ಗಡಿಗೆ ಹೋಗುತ್ತಿತ್ತು, ಕಬ್ಬಿಣ ತೆಗೆಯುವ ಔಷಧಿಯ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಆರು ವರ್ಷದ ಹುಡುಗಿ ನೋಡಲು ಮೂರು ವರ್ಷದವಳಂತಿದ್ದಳಂತೆ, ಹೊಟ್ಟೆ ಮಾತ್ರ ಬಸುರಿಯಷ್ಟು. ಅವಳನ್ನು ಮಣ್ಣು ಮಾಡಿ ಬಂದ ದಿನ ಗಂಡ ಹೆಶ್ಮತ್ ಮನೆಯವರೆಲ್ಲರ ಎದುರಿಗೇ ಅಂದನಂತೆ:

"ನಮ್ಮ ವಂಶದಲ್ಲಿ ಈ ಕಾಯಿಲೆ ಯಾರಿಗೂ ಇರ್ಲಿಲ್ಲ."

ಗೋಹರ್‌ತಾಜ್ ಅಳುತ್ತಿದ್ದವಳು ಅಳು ನಿಲ್ಲಿಸಿ ಉತ್ತರ ಕೊಟ್ಟಳು. "ನಿಮ್ಮಮ್ಮ ನಮ್ಮಪ್ಪನ ತಂಗಿ. ನಿನ್ನ ವಂಶಕ್ಕೊಂದು ಬಾವಿ, ನನ್ನ ವಂಶಕ್ಕೊಂದು ಬಾವಿ ಇದ್ಯಾ?"

ಆ ಮಾತನ್ನು ಹೆಶ್ಮತ್ ಮರೆಯಲಿಲ್ಲ. ಅವನು ಮಿನಿಬಸ್ ಓಡಿಸುತ್ತಿದ್ದ, ತಿಂಗಳುಗಟ್ಟಲೆ ದಾರಿಯ ಮೇಲೇ ಇರುತ್ತಿದ್ದ. ತೂರಜ್‌ಗೂ ಅದೇ ಕಾಯಿಲೆ ಎಂದು ಗೊತ್ತಾದ ವರ್ಷ, ದೂರದ ಸೆಮ್ನಾನ್ ಕಡೆಯಿಂದ ಇನ್ನೊಂದು ಮದುವೆ ಮಾಡಿಕೊಂಡ. ಗೋಹರ್‌ತಾಜ್‌ಗೆ ತಲಾಖ್ ಕೊಡಲಿಲ್ಲ. ಕೊಟ್ಟರೆ ಮದುವೆಯಲ್ಲಿ ಒಪ್ಪಿದ್ದ ಮೆಹರ್ ಹಣವನ್ನು ಅವಳಿಗೆ ಸಲ್ಲಿಸಬೇಕಾಗುತ್ತಿತ್ತು. ಮನೆ ಅವನದು, ಅವಳು ಅದರಲ್ಲಿ ಇರಲಿ ಎಂದು ಬಿಟ್ಟುಹೋದ. ಆ ಹೆಂಡತಿಗೆ ಮೂರು ಮಕ್ಕಳಾದವು, ಮೂರೂ ಗಟ್ಟಿಮುಟ್ಟು. ಪ್ರತಿ ಮಗು ಹುಟ್ಟಿದಾಗಲೂ ಅವನು ಊರಿಗೆ ಬಂದು ಮಿಠಾಯಿ ಹಂಚಿದ. ಗೋಹರ್‌ತಾಜ್‌ಳ ಮನೆಗೂ ಒಂದು ಡಬ್ಬ ಬಂತು.

"ತಿಂದ್ರಾ?" ಎಂದು ಒಮ್ಮೆ ಕೇಳಿದ್ದೆ.

"ಕೋಳಿಗೆ ಹಾಕ್ದೆ. ಅವೂ ಒಂದೊಂದ್ಸಲ ಕುಕ್ಕಿ ಬಿಟ್ವು."

ಕಬ್ಬಿಣ ತೆಗೆಯುವ ಔಷಧಿ ನಮ್ಮ ವಾರ್ಡಿಗೆ ಬಂದಾಗ ತೂರಜ್ ಇನ್ನೂ ಶಾಲೆಗೆ ಸೇರಿರಲಿಲ್ಲ. ಬಿಳಿ ಪುಡಿ ತುಂಬಿದ ಸಣ್ಣ ಗಾಜಿನ ಸೀಸೆ. ಅದಕ್ಕೆ ಶುದ್ಧ ನೀರು ಬೆರೆಸಿ, ಸಿರಿಂಜಿಗೆ ತುಂಬಿ, ಅಂಗೈಯಗಲದ ಒಂದು ಪಂಪಿಗೆ ಸಿಕ್ಕಿಸಬೇಕು. ಹೊಟ್ಟೆಯ ಚರ್ಮದ ಕೆಳಗೆ ಸೂಜಿ. ಪಂಪು ಇರುಳಿಡೀ ಗುಂಯ್ ಅನ್ನುತ್ತ ಔಷಧಿಯನ್ನು ನಿಧಾನವಾಗಿ ತಳ್ಳುತ್ತದೆ. ಬೆಳಿಗ್ಗೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ಹೊರಗೆ ಹೋಯಿತೆಂದು ಅರ್ಥ. ವಾರದಲ್ಲಿ ಐದಾರು ದಿನ ಹೀಗೆ, ಸಾಯುವತನಕ. ದೊಡ್ಡ ಡಾಕ್ಟರು ತಾಯಂದಿರನ್ನೆಲ್ಲ ಸಾಲಾಗಿ ಕೂರಿಸಿ ಹೇಳಿದ್ದು ಒಂದೇ ಮಾತು: "ಬಿಡಬೇಡಿ. ಏನೇ ಆದ್ರೂ ಬಿಡಬೇಡಿ. ಬಿಟ್ಟವರ ಮಕ್ಕಳು ಉಳಿಯಲ್ಲ."

ಗೋಹರ್‌ತಾಜ್ ಆ ಮಾತನ್ನು ಎದೆಯೊಳಗೆ ಇಟ್ಟುಕೊಂಡಳು. ಬೇರೆ ತಾಯಂದಿರು ಹಬ್ಬಕ್ಕೆ ಬಿಟ್ಟರು, ಮದುವೆಗೆ ಬಿಟ್ಟರು, ಮಗು ಅತ್ತಿತೆಂದು ಬಿಟ್ಟರು. ಅವಳು ಬಿಡಲಿಲ್ಲ. ತೂರಜ್‌ನ ಹೊಟ್ಟೆಯ ಮೇಲೆ ಸೂಜಿಯ ಗಂಟುಗಳು ಕಡಲೆಕಾಳಿನಂತೆ ಎದ್ದಿರುತ್ತಿದ್ದವು. ಗಂಟಿಲ್ಲದ ಜಾಗ ಹುಡುಕಿ ಅವಳು ಚುಚ್ಚುತ್ತಿದ್ದಳು. ಅವನು ಹದಿಹರೆಯಕ್ಕೆ ಬಂದಮೇಲೆ ಸೂಜಿ ಕಿತ್ತೆಸೆದ, ಪಂಪಿನ ಬ್ಯಾಟರಿ ಬಚ್ಚಿಟ್ಟ, ಬಚ್ಚಲಿನಲ್ಲಿ ಔಷಧಿ ಚೆಲ್ಲಿ ಖಾಲಿ ಸಿರಿಂಜು ತೋರಿಸಿದ. ಪ್ರತಿಸಲವೂ ಸಿಕ್ಕಿಬಿದ್ದ.

"ಹೊಟ್ಟೆನೋವು ಅಂತೀಯ, ತಲೆನೋವು ಅಂತೀಯ, ನಾಳೆ ಪರೀಕ್ಷೆ ಅಂತೀಯ," ಎಂದು ವಾರ್ಡಿನಲ್ಲಿ ನಮ್ಮೆಲ್ಲರೆದುರೇ ಬೈಯುತ್ತಿದ್ದಳು. "ನಿನ್ನ ನೆಪಗಳನ್ನೆಲ್ಲ ಒಣಗಿಸಿಟ್ಟಿದ್ರೆ ಚಳಿಗಾಲಕ್ಕೆ ಒಲೆ ಉರೀತಿತ್ತು."

ತೂರಜ್ ನಗುತ್ತಿದ್ದ. ಅವನಿಗೆ ಸಿಟ್ಟು ಕಡಿಮೆ. ದೊಡ್ಡವನಾದಮೇಲೆ ಅಂಗಡಿಗಳ ಬೋರ್ಡು ಬರೆಯುವ ಕೆಲಸ ಹಿಡಿದ. ಕೈಬರಹ ಮುತ್ತಿನಂತಿತ್ತು. ಇಪ್ಪತ್ತೆಂಟು ತುಂಬಿದರೂ ನೋಡಲು ಹದಿನೈದರ ಹುಡುಗ. ಬೋರ್ಡು ಬರೆಸಲು ಬಂದವರು "ನಿಮ್ಮಪ್ಪ ಎಲ್ಲಪ್ಪಾ?" ಎಂದು ಅವನನ್ನೇ ಕೇಳುತ್ತಿದ್ದರು. "ಸೆಮ್ನಾನ್‌ನಲ್ಲಿದ್ದಾರೆ, ಅಲ್ಲಿಗೇ ಹೋಗಿ ಬರೆಸ್ಕೊಳ್ಳಿ" ಅನ್ನುತ್ತಿದ್ದ. ತಾಯಿಯನ್ನು ಕರೆಯುತ್ತಿದ್ದದ್ದು ನಮ್ಮ ಕಡೆಯವರಂತೆ ನನೆ ಎಂದು. ಅವಳಿಗೆ ಹೇಳುತ್ತಿದ್ದ: "ನನೆ, ನಾನು ಸತ್ರೆ ಮಣ್ಣು ಮಾಡ್ಬೇಡ. ಗುಜರಿಯವನನ್ನ ಕರಿ. ತೂಕಕ್ಕೆ ಹಾಕಿದ್ರೆ ಒಳ್ಳೆ ಬೆಲೆ ಬರುತ್ತೆ." ನಮ್ಮ ವಾರ್ಡಿನಲ್ಲಿ ಎಲ್ಲರೂ ಆಡುವ ತಮಾಷೆ ಅದು. ಗೋಹರ್‌ತಾಜ್ ಮಾತ್ರ ನಗುತ್ತಿರಲಿಲ್ಲ. ಚಪ್ಪಲಿ ಎಸೆಯುತ್ತಿದ್ದಳು.

ಆಮೇಲೆ ಔಷಧಿ ಸಿಗದ ಕಾಲ ಬಂತು. ಹೊರದೇಶದವರು ನಮ್ಮ ದೇಶದ ಮೇಲೆ ಹಾಕಿದ ನಿರ್ಬಂಧ ಔಷಧಿಗಲ್ಲ ಎಂದು ರೇಡಿಯೊ ಹೇಳಿತು. ಅಂಗಡಿಯ ಕಪಾಟಿನಲ್ಲಿ ಮಾತ್ರ ಔಷಧಿ ಇರಲಿಲ್ಲ. ಗೋಹರ್‌ತಾಜ್ ಒಂದೊಂದು ಸೀಸೆಗೂ ಅಲೆದಳು. ಟೆಹ್ರಾನಿನ ಬೀದಿಗಳಲ್ಲಿ ಕಳ್ಳಮಾಲು ಮಾರುವವರ ಮುಂದೆ ನಿಂತಳು, ಬಳೆ ಮಾರಿದಳು, ಮದುಮಗಳಿದ್ದ ಮನೆಗಳಿಗೆ ಹೇಳಿಕಳಿಸಿ ಮುಂಗಡ ಪಡೆದಳು. ಹೇಗೋ ಫ್ರಿಜ್ಜಿನ ಕೆಳಗಿನ ತಟ್ಟೆ ತುಂಬ ಸೀಸೆ ಇಟ್ಟುಕೊಂಡಳು. ಮಗ ತಮಾಷೆಗೆ ಆ ತಟ್ಟೆಯ ಮೇಲೆ ಚಂದದ ಅಕ್ಷರದಲ್ಲಿ "ಕೇಂದ್ರ ಬ್ಯಾಂಕು" ಎಂದು ಬರೆದಂಟಿಸಿದ.

ಆ ಬೇಸಿಗೆಯಲ್ಲಿ ತೂರಜ್ ಬೆಟ್ಟದ ಮೇಲಿನ ಒಂದು ಚಹಾದಂಗಡಿಗೆ ಬೋರ್ಡು ಬರೆಯಲು ಹೋದ. ಅಲ್ಲಿ ಕುರಿಗಾಹಿಗಳ ಜೊತೆ ಉಳಿದು, ಕಾಯಿಸದ ಹಾಲು ಕುಡಿದು, ಹೊಸ ಚೀಸ್ ತಿಂದು ಬಂದ. ಕಾಯಿಲೆ ಅಲ್ಲಿಂದಲೇ ಬಂತೆಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ. ದಾರಿಯ ಊಟವೂ ಇರಬಹುದು, ಮನೆಯ ಬಾವಿಯ ನೀರೂ ಇರಬಹುದು. ಬಂದ ಒಂದು ವಾರಕ್ಕೆ ಭೇದಿ ಹಿಡಿಯಿತು, ಜೊತೆಗೆ ಜ್ವರ. ಮಧ್ಯಾಹ್ನ ಕೆಲಸ ಬಿಟ್ಟು ಮನೆಗೆ ಬಂದು ಹೊಸಿಲಲ್ಲೇ ಕೂತ.

ನಾನು ಆ ದಿನ ಅಲ್ಲಿದ್ದೆ. ನಾನು ಹೊಲಿಗೆ ಕಲಿತವಳು, ಗೋಹರ್‌ತಾಜ್‌ಳ ಅಂಗಿಯೊಂದನ್ನು ಹೊಲಿದು ಕೊಡಲು ಹೋಗಿದ್ದೆ. ಅವಳು ಔಷಧಿ ಬೆರೆಸಿ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಳು. ಹಿಂದಿನ ರಾತ್ರಿ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು ಪಂಪು ನಡೆದಿರಲಿಲ್ಲ. ಅದನ್ನು ಹಗಲಲ್ಲಿ ತುಂಬಿಸಬೇಕೆಂದು ಅವಳ ಹಟ.

"ಇವತ್ತು ಬೇಡ ನನೆ," ಎಂದ ತೂರಜ್. "ಮೈ ಸುಡ್ತಿದೆ. ಬಲಗಡೆ ಹೊಟ್ಟೆ ಹಿಂಡ್ತಿದೆ."

"ನಿನ್ನೆ ಕರೆಂಟು ಬಿಡಿಸ್ತು, ಇವತ್ತು ನೀನು ಬಿಡು. ನಾಳೆ?"

"ನಿಜವಾಗ್ಲೂ ಹೇಳ್ತಿದೀನಿ."

"ಇಪ್ಪತ್ತು ವರ್ಷದಿಂದ ನಿಜವಾಗ್ಲೂ ಹೇಳ್ತಿದೀಯ. ಮಲ್ಕೊ. ಬೆರೆಸಿ ಆಗಿದೆ. ಬೆರೆಸಿದ್ದನ್ನ ಇಡೋಕಾಗಲ್ಲ. ಚರಂಡಿಗೆ ಸುರಿಲಾ? ಬಾಯ್ಬಿಟ್ಟು ಹೇಳು, ಸುರೀತೀನಿ."

ತೂರಜ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ, ನೋಡಿದ್ಯಾ ಅನ್ನುವಂತೆ. ಆಮೇಲೆ ಅಂಗಿ ಮೇಲಕ್ಕೆತ್ತಿ ಮಲಗಿದ. ಅವಳು ಚುಚ್ಚಿದಳು. ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು, ಕಾಲೊತ್ತಿದಳು. ತಾಯಿಯೊಬ್ಬಳು ಮಾಡುವುದೆಲ್ಲವನ್ನೂ ಮಾಡಿದಳು. ಪಕ್ಕದಲ್ಲಿ ಪಂಪು ಗುಂಯ್ ಅನ್ನುತ್ತಲೇ ಇತ್ತು.

ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನ ನೋವು ತಡೆಯಲಾಗದೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಶಸ್ತ್ರವೈದ್ಯರು ಅಪೆಂಡಿಕ್ಸ್ ಅಂದರು, ಹೊಟ್ಟೆ ಕೊಯ್ದರು. ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತು. ಹೊಲಿದು ವಾರ್ಡಿಗೆ ಕಳಿಸಿದರು. ಗೋಹರ್‌ತಾಜ್ ಮನೆಯಿಂದ ಪಂಪು ತಂದಿದ್ದಳು. ಹೊಲಿಗೆಯ ಇನ್ನೊಂದು ಪಕ್ಕಕ್ಕೆ ಸೂಜಿ ಚುಚ್ಚಿದಳು. ಯಾರೂ ತಡೆಯಲಿಲ್ಲ. "ಎಂಥ ತಾಯಿ ನೋಡಿ, ಇಲ್ಲೂ ಬಿಟ್ಟಿಲ್ಲ," ಎಂದು ಒಬ್ಬಳು ನರ್ಸು ಇನ್ನೊಬ್ಬಳಿಗೆ ತೋರಿಸಿದಳು. ಆಗ ಗೋಹರ್‌ತಾಜ್‌ಳ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಹಾದುಹೋಯಿತು. ಅದನ್ನು ನಾನು ನೋಡಿದೆ. ನೋಡದಿದ್ದರೆ ಚೆನ್ನಾಗಿತ್ತು.

ಜ್ವರ ಇಳಿಯಲಿಲ್ಲ, ಏರಿತು. ತೂರಜ್ ಯಾರ್ಯಾರದೋ ಹೆಸರು ಹಿಡಿದು ಮಾತಾಡತೊಡಗಿದ. ಆಗ ಬಂದವಳು ಸೋಂಕುರೋಗಗಳ ಡಾಕ್ಟರ್ ಸೊತೂದೆ, ಇನ್ನೂ ಚಿಕ್ಕ ವಯಸ್ಸಿನವಳು. ಹೊದಿಕೆ ಎತ್ತಿದಳು, ಪಂಪು ಕಂಡಳು, ನಿಂತಲ್ಲೇ ಕೂಗಿದಳು:

"ಇದನ್ನ ಯಾರು ಹಾಕಿದ್ದು? ತೆಗೀರಿ! ಈಗ್ಲೇ ತೆಗೀರಿ!"

ಗೋಹರ್‌ತಾಜ್ ಕೈ ಅಡ್ಡ ಹಿಡಿದಳು. "ಅದು ಅವನ ಔಷಧಿ ಡಾಕ್ಟ್ರೇ. ಬಿಡಬಾರ್ದು ಅಂತ ಹೇಳಿದಾರೆ."

ಡಾಕ್ಟರ್ ಅವಳ ಕೈ ಸರಿಸಿ ತಾನೇ ಸೂಜಿ ಎಳೆದಳು. ಬೇರೆ ಔಷಧಿ ಬರೆದಳು, ದಿನಕ್ಕೆ ಮೂರು ಸಲ ಬಂದು ನೋಡಿದಳು. ತಡವಾಗಿತ್ತು. ಕರುಳಿನ ಕ್ರಿಮಿ ರಕ್ತಕ್ಕೆ ಇಳಿದಿತ್ತು. ಶುಕ್ರವಾರ ಬೆಳಿಗ್ಗೆ, ಮಸೀದಿಯ ಧ್ವನಿವರ್ಧಕ ಯಾರದೋ ಸಾವಿನ ಸುದ್ದಿ ಹೇಳುತ್ತಿದ್ದ ಹೊತ್ತಿಗೆ, ತೂರಜ್ ಸತ್ತ.

ಹೆಣ ಒಯ್ಯುವ ಗಾಡಿಗೆ ಕಾಯುತ್ತಿದ್ದಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಹರ್‌ತಾಜ್ ಆ ಡಾಕ್ಟರನ್ನು ಹಿಡಿದು ನಿಲ್ಲಿಸಿದಳು. ಗೋಹರ್‌ತಾಜ್‌ಳ ತೋಳನ್ನು ನಾನು ಹಿಡಿದುಕೊಂಡಿದ್ದೆ.

"ಆ ಸೂಜಿ ನೋಡಿ ಯಾಕೆ ಕೂಗಿದ್ರಿ? ಹೇಳಿ."

"ಈಗ ಬೇಡ ಖಾನಂ. ಆಮೇಲೆ ಮಾತಾಡೋಣ."

"ಆಮೇಲೆ ನಂಗೇನು ಕೆಲಸ? ಈಗ ಹೇಳಿ."

ಡಾಕ್ಟರ್ ಗೋಡೆಗೆ ಒರಗಿದಳು. ಅವಳೂ ನಿದ್ದೆಗೆಟ್ಟಿದ್ದಳು. "ರೋಗ ತರೋ ಕ್ರಿಮಿಗಳಿಗೂ ಬದುಕೋಕೆ ಕಬ್ಬಿಣ ಬೇಕು ಖಾನಂ. ನಮ್ಮ ಮೈಗೆ ಅದು ಗೊತ್ತು. ಅದಕ್ಕೇ ಕಬ್ಬಿಣಾನ ಬೀಗ ಹಾಕಿ ಇಟ್ಕೊಂಡಿರುತ್ತೆ. ಜ್ವರ ಬಂದಾಗ ಇನ್ನೂ ಭದ್ರವಾಗಿ ಮುಚ್ಚಿಡುತ್ತೆ. ಸಿಗ್ದೆ ಹೋದ್ರೆ ಕ್ರಿಮಿ ಬೆಳೆಯಲ್ಲ."

"ಮತ್ತೆ?"

"ಕೆಲವು ಕ್ರಿಮಿಗಳು ಕದಿಯೋಕೆ ತಮ್ದೇ ಕೊಕ್ಕೆ ಮಾಡ್ಕೊಳ್ತವೆ. ಕೊಕ್ಕೇನ ಹೊರಗೆ ಬಿಡ್ತವೆ, ಅದು ಕಬ್ಬಿಣ ಸಿಕ್ಕಿಸ್ಕೊಳ್ಳುತ್ತೆ, ಅದನ್ನ ಒಳಗೆ ಎಳ್ಕೊಳ್ತವೆ. ನಿಮ್ಮ ಮಗನಿಗೆ ಬಂದ ಕ್ರಿಮಿಗೆ ಆ ಕೊಕ್ಕೆ ಮಾಡೋಕೆ ಬರಲ್ಲ. ಬಡಪಾಯಿ ಕ್ರಿಮಿ ಅದು. ಬೇರೆಯವರಿಗೆ ನಾಲ್ಕು ದಿನ ಭೇದಿ ಮಾಡ್ಸಿ ಹೋಗುತ್ತೆ. ಆದ್ರೆ ಬೇರೆ ಯಾರದಾದ್ರೂ ಕೊಕ್ಕೆ ಸಿಕ್ರೆ ಅದನ್ನ ಎಳ್ಕೊಳ್ಳೋಕೆ ಬರುತ್ತೆ."

"ಬೇರೆ ಯಾರದು?"

"ನಾವು ಕೊಡ್ತಿದ್ದ ಔಷಧಿ. ಅದೂ ಮೂಲದಲ್ಲಿ ಒಂದು ಕ್ರಿಮಿಯ ಕೊಕ್ಕೇನೇ. ಮಣ್ಣಲ್ಲಿರೋ ಒಂದು ಕ್ರಿಮಿ ತನ್ನ ಹೊಟ್ಟೆಪಾಡಿಗೆ ಮಾಡ್ಕೊಂಡಿದ್ದು. ಅದನ್ನೇ ನಾವು ಔಷಧಿ ಮಾಡಿ, ನಿಮ್ಮ ಮಕ್ಕಳ ಕಬ್ಬಿಣ ಹೊರಗೆ ತೆಗೀತೀವಿ. ದಿನಾ ತೆಗೀಲೇಬೇಕು, ಅದು ನಿಜ. ಆದ್ರೆ ಈ ಜ್ವರ, ಈ ಹೊಟ್ಟೆನೋವು ಇದ್ದಾಗ ನಿಲ್ಲಿಸ್ಬೇಕು."

ಗೋಹರ್‌ತಾಜ್ ನನ್ನ ಕೈಯಿಂದ ತೋಳು ಬಿಡಿಸಿಕೊಂಡಳು. "ಅಂದ್ರೆ ಅವನ ಮೈ ಬೀಗ ಹಾಕಿತ್ತು. ನಾನು ತೆಗೆದು ಬಡಿಸ್ದೆ."

"ಹಾಗಲ್ಲ ಖಾನಂ..."

"ಹಾಗಲ್ದೆ ಹೇಗೆ? ಬೇಡ ಅಂದ ಅವನು. ಮೊದಲನೇ ಸಲ ನಿಜ ಹೇಳಿದ್ದ."

"ನಿಮಗೆ ಯಾರಾದ್ರೂ ಹೇಳ್ಬೇಕಿತ್ತು."

"ಹೇಳಿದ್ರಲ್ಲ. ಬಿಡಬೇಡಿ ಅಂತ ಹೇಳಿದ್ರು."

ಡಾಕ್ಟರ್ ತಲೆ ತಗ್ಗಿಸಿಕೊಂಡು ಹೋದಳು. ಶಸ್ತ್ರವೈದ್ಯರು ಆ ಕಡೆ ಬರಲೇ ಇಲ್ಲ. ಹೊಗಳಿದ ನರ್ಸು ನಮ್ಮನ್ನು ಕಂಡು ಬೇರೆ ಬಾಗಿಲಿನಿಂದ ಹೊರಟುಹೋದಳು.

ಹೆಶ್ಮತ್ ಮಣ್ಣಿಗೆ ಬಂದ. ಕೂದಲಿಗೆ ಬಣ್ಣ ಹಚ್ಚಿದ್ದ, ಹೊಟ್ಟೆ ಬಂದಿತ್ತು. ಆಸ್ಪತ್ರೆಯಲ್ಲಿ ನಡೆದದ್ದು ಅವನ ಕಿವಿಗೆ ಬಿದ್ದಿತ್ತು. ಗಂಡಸರೆಲ್ಲ ಕೇಳುವಂತೆ ಅಂದ: "ಒಂದನ್ನ ಔಷಧಿ ಇಲ್ದೆ ಕೊಂದ್ಲು. ಇನ್ನೊಂದನ್ನ ಔಷಧಿ ಹಾಕಿ ಕೊಂದ್ಲು."

ಗೋಹರ್‌ತಾಜ್‌ಗೆ ಕೇಳಿಸಿತು. ಅವಳ ಬಾಯಿಂದ ಮಾತು ಬರುತ್ತದೆಂದು ನಾವೆಲ್ಲ ಕಾದೆವು. ಬರಲಿಲ್ಲ. ಆ ಮಾತಿನಲ್ಲಿ ಅವಳಿಗೆ ತಪ್ಪು ಕಾಣಿಸಲಿಲ್ಲವೇನೋ.

ನಲವತ್ತನೆಯ ದಿನದ ಊಟಕ್ಕೆ ವಾರ್ಡಿನ ತಾಯಂದಿರು ಬಂದರು. ಖರ್ಜೂರ, ಹಲ್ವ, ಚಹಾ. ಎಲ್ಲರೂ ಎದ್ದುಹೋದಮೇಲೂ ಝೀವರ್ ಎಂಬವಳು ಕೂತೇ ಇದ್ದಳು. ಅವಳ ಮಗಳು ಹುಸ್ನಾಗೆ ಒಂಬತ್ತು ವರ್ಷ, ನಮ್ಮದೇ ಕಾಯಿಲೆ. ವಾರ್ಡಿನವರೆಲ್ಲ ಗೋಹರ್‌ತಾಜ್‌ಳನ್ನು ಖಾಲೆ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಝೀವರ್ ಕಪ್ಪು ಚಾದರದ ಅಂಚು ತಿರುಚುತ್ತ ಕೇಳಿದಳು:

"ಖಾಲೆ, ತಪ್ಪು ತಿಳ್ಕೋಬೇಡಿ. ತೂರಜ್‌ನ ಔಷಧಿ ಉಳ್ದಿರ್ಬೇಕಲ್ವಾ... ಎರಡು ವಾರದಿಂದ ನಮಗೆ ಸಿಕ್ಕಿಲ್ಲ."

ಗೋಹರ್‌ತಾಜ್ ಎದ್ದು ಫ್ರಿಜ್ಜಿನಿಂದ ಇಡೀ ತಟ್ಟೆಯನ್ನೇ ತಂದು ಅವಳ ಮಡಿಲಿಗಿಟ್ಟಳು. "ತಗೊ. ಆದ್ರೆ ಒಂದು ಮಾತು. ಹುಡುಗಿಗೆ ಜ್ವರ ಬಂದು ಹೊಟ್ಟೆ ನೋವು ಅಂದ್ರೆ ಸೂಜಿ ಹಾಕ್ಬೇಡ. ಆ ಔಷಧೀನೇ ರೋಗಕ್ಕೆ ಊಟ ಆಗುತ್ತೆ."

"ಅಯ್ಯೋ, ಅಪಶಕುನ ನುಡೀಬೇಡಿ ಖಾಲೆ!" ಝೀವರ್ ಬೆರಳು ಕಚ್ಚಿ ಎಡಗಡೆ ತಿರುಗಿ ತೂ ಎಂದಳು. "ನಿಮಗೆ ದುಃಖ. ಅದಕ್ಕೆ ಹೀಗೆಲ್ಲ ಅನ್ಸುತ್ತೆ." ಸೀಸೆಗಳನ್ನು ಚೀಲಕ್ಕೆ ತುಂಬಿಕೊಂಡು, ಖಾಲಿ ತಟ್ಟೆಯನ್ನು ಅಲ್ಲೇ ಇಟ್ಟು ಹೋದಳು.

ಅಲ್ಲಿಂದ ಗೋಹರ್‌ತಾಜ್‌ಗೆ ಅದೇ ಕೆಲಸವಾಯಿತು. ರಕ್ತ ಹಾಕುವ ದಿನ ವಾರ್ಡಿಗೆ ಬರುವಳು. ಅವಳಿಗಲ್ಲಿ ಯಾರೂ ಇಲ್ಲ, ಆದರೂ ಬರುವಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಒಬ್ಬೊಬ್ಬ ತಾಯಿಯನ್ನೂ ನಿಲ್ಲಿಸಿ ಹೇಳುವಳು. ಕೆಲವರು ಮಕ್ಕಳ ಕಣ್ಣು ಮುಚ್ಚಿಕೊಂಡು ಸರಿದುಹೋದರು, ಇಬ್ಬರು ಮಕ್ಕಳನ್ನು ನುಂಗಿದವಳ ದೃಷ್ಟಿ ಬಿದ್ದೀತೆಂದು. ಕೆಲವರು ಕೇಳಿದರು. ಕೇಳಿದವರು ಮನೆಗೆ ಹೋಗಿ ಬೇರೆಯವರಿಗೆ ಹೇಳಿದರು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಮಾತು ಸವೆಯಿತು. ಜ್ವರ ಬಿದ್ದುಹೋಯಿತು, ಹೊಟ್ಟೆನೋವು ಬಿದ್ದುಹೋಯಿತು. ಉಳಿದದ್ದು ಇಷ್ಟೇ: ಆ ಔಷಧಿ ರೋಗಕ್ಕೆ ಊಟ.

ಚಳಿಗಾಲದಲ್ಲಿ ಹುಸ್ನಾಗೆ ಜ್ವರ ಬಂತು. ಝೀವರ್ ಆ ಮಾತು ನೆನೆದು ಬೆಚ್ಚಿ ಸೂಜಿ ಕಿತ್ತಳು. ಅದು ಬರಿಯ ನೆಗಡಿ ಜ್ವರ, ಮೂರು ದಿನಕ್ಕೆ ಬಿಟ್ಟಿತು. ಝೀವರ್ ಮಾತ್ರ ಸೂಜಿಯನ್ನು ಮತ್ತೆ ಹಾಕಲಿಲ್ಲ. ಧೈರ್ಯ ಬರುವುದಿಲ್ಲ ಅನ್ನುತ್ತಿದ್ದಳು. ಹುಡುಗಿಗೂ ಖುಷಿ, ಚುಚ್ಚುವವರಿಲ್ಲ. ಡಾಕ್ಟರು ಕೇಳಿದರೆ ಹಾಕುತ್ತಿದ್ದೇವೆ ಎಂದು ಸುಳ್ಳು ಹೇಳಿದಳು. ಹೀಗೆಯೇ ಒಂದು ವರ್ಷ ಕಳೆಯಿತು. ಮುಂದಿನ ಚಳಿಗಾಲದಲ್ಲಿ ಹುಸ್ನಾಳ ಕಾಲುಗಳು ಊದಿಕೊಂಡವು, ಉಸಿರು ಸಾಲದಾಯಿತು. ಹೃದಯದ ತುಂಬ ಕಬ್ಬಿಣ. ಹುಡುಗಿ ಬದುಕಿಕೊಂಡಳು. ಆದರೆ ಶಾಲೆಯ ಮಹಡಿ ಹತ್ತಲಾರದೆ ಓದು ಬಿಟ್ಟಳು. ಇಂದಿಗೂ ಅವಳು ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ.

ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ಝೀವರ್ ಶಾಲಿಕೊಲಾಕ್ಕೆ ಬಂದು ಗೋಹರ್‌ತಾಜ್‌ಳ ಅಂಗಳದಲ್ಲಿ ನಿಂತು ಕೂಗಿದಳು. ಅಕ್ಕಪಕ್ಕದ ಹೆಂಗಸರೆಲ್ಲ ಗೋಡೆಯ ಮೇಲಿಂದ ಇಣುಕಿದರು.

"ನಿನ್ನವರನ್ನ ತಿಂದು ಸಾಲದೆ ನನ್ನ ಮಗಳಿಗೂ ಬಾಯಿ ಹಾಕ್ದಲ್ಲೇ! ನಿನ್ನ ನಾಲಿಗೆ ಸೇದಿಹೋಗ!"

"ಜ್ವರ ಇದ್ದಾಗ ಮಾತ್ರ ಅಂದಿದ್ದೆ ಝೀವರ್," ಎಂದಳು ಗೋಹರ್‌ತಾಜ್.

"ಏನಂದಿದ್ದೆಯೋ! ನಿನ್ನ ಮುಖ ನೋಡಿದ್ಮೇಲೆ ಯಾರಿಗೆ ಪೂರ್ತಿ ಮಾತು ನೆನಪಿರುತ್ತೆ?"

ಅದಾದ ಕೆಲವು ದಿನಕ್ಕೆ ಡಾಕ್ಟರ್ ಸೊತೂದೆ ತಾನೇ ಬಂದಳು. ಚಹಾ ಕುಡಿಯಲಿಲ್ಲ. ವಾರ್ಡಿನಲ್ಲಿ ಇನ್ನೂ ನಾಲ್ಕೈದು ಮನೆಯವರು ಔಷಧಿ ಬಿಟ್ಟಿದ್ದಾರೆಂದು ಹೇಳಿದಳು. "ನೀವು ಹೇಳಿದ್ದು ತಪ್ಪಲ್ಲ ಖಾನಂ. ಆದ್ರೆ ದಯವಿಟ್ಟು ಇನ್ನು ಹೇಳ್ಬೇಡಿ. ವಾರ್ಡಿಗೆ ಬರ್ಬೇಡಿ. ಹೇಳೋದನ್ನ ನಾವೇ ಹೇಳ್ತೀವಿ."

"ಅವತ್ತು ಹೇಳ್ದಿದ್ದವರು ಈಗ ಹೇಳ್ತೀರಾ?"

"ಹೇಳ್ತೀವಿ."

"ಸರಿ," ಎಂದಳು ಗೋಹರ್‌ತಾಜ್. ಆಮೇಲೆ ಅವಳು ವಾರ್ಡಿನ ಕಡೆ ಕಾಲಿಡಲಿಲ್ಲ. ಡಾಕ್ಟರ್ ಮಾತು ಉಳಿಸಿಕೊಂಡಳು. ಈಗ ಹೊಸ ತಾಯಂದಿರಿಗೆಲ್ಲ ಮೊದಲ ದಿನವೇ ಹೇಳುತ್ತಾರೆ. ಅದು ಎಲ್ಲಿಂದ ಶುರುವಾಯಿತೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಮದುಮಗಳ ಮುಖಕ್ಕೆ ದಾರ ಹಾಕಲು ಅವಳನ್ನು ಕರೆಯುವುದು ನಿಂತಿತು. ಮಕ್ಕಳು ಉಳಿಯದವಳ ಕೈ ಮೊದಲ ಸಲ ಮುಖಕ್ಕೆ ತಾಗಬಾರದಂತೆ. ಮುದುಕಿಯರು ಬರುತ್ತಿದ್ದರು, ಅವರಿಗೆ ಅಪಶಕುನದ ಹೆದರಿಕೆಯಿಲ್ಲ. ಅವರ ಗಲ್ಲದ ನಾಲ್ಕು ಬಿಳಿ ಕೂದಲು ಕಿತ್ತು, ಕೊಟ್ಟಷ್ಟು ತೆಗೆದುಕೊಂಡು ಬದುಕಿದಳು. ಕೆಲಸ ಮುಗಿದಮೇಲೂ ಈಗ ಅವಳು ಮಾತಾಡುತ್ತಿರಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ನನಗೆ ಜ್ವರ ಬಂತು, ಹೊಟ್ಟೆಯ ಬಲಗಡೆ ಹಿಂಡಿತು. ಆಗ ನಾನಿನ್ನೂ ಸೂಜಿಯ ಮೇಲೇ ಇದ್ದೆ, ಕಬ್ಬಿಣ ತೆಗೆಯುವ ಮಾತ್ರೆಗಳು ನಮ್ಮ ಕಡೆ ಬಂದಿರಲಿಲ್ಲ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆದರೂ ಕಾಲು ಅವಳ ಮನೆಗೇ ಎಳೆಯಿತು. ಹೆದರಿದ್ದೆ. ಗೊತ್ತಿರುವುದನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು.

"ಖಾಲೆ, ಹೀಗಾಗಿದೆ. ಇವತ್ತು ಸೂಜಿ ಹಾಕ್ಲಾ, ಬೇಡ್ವಾ?"

ಅವಳು ಬಾಗಿಲನ್ನು ಅರ್ಧ ಮಾತ್ರ ತೆಗೆದಿದ್ದಳು. ನನ್ನ ಹಣೆ ಮುಟ್ಟಲು ಕೈ ಎತ್ತಿ, ಹಿಂದಕ್ಕೆ ಎಳೆದುಕೊಂಡಳು.

"ಡಾಕ್ಟರನ್ನ ಕೇಳು ಅನೀಸೆ."

"ನಿಮಗೆ ಗೊತ್ತಲ್ಲ ಖಾಲೆ."

"ನಂಗೆ ಏನೂ ಗೊತ್ತಿಲ್ಲ. ನನ್ನ ಬಾಯಿಂದ ಹಾಕು ಅಂತಾನೂ ಬರಲ್ಲ, ಬೇಡ ಅಂತಾನೂ ಬರಲ್ಲ. ಹೋಗು, ಮಳೇಲಿ ನಿಲ್ಬೇಡ." ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ನಾನು ಆಸ್ಪತ್ರೆಗೆ ಹೋದೆ. ಅದೇ ಕ್ರಿಮಿ. ಸೂಜಿ ಹಾಕಿರಲಿಲ್ಲವಾದ್ದರಿಂದ ಬದುಕಿದೆ. ಮನೆಗೆ ಬಂದಮೇಲೆ ಅವಳು ಬೆಳ್ಳುಳ್ಳಿ ಉಪ್ಪಿನಕಾಯಿಯ ಒಂದು ಜಾಡಿ ಕಳಿಸಿದ್ದಳು. ಏನಾಯಿತು, ಹೇಗಿದ್ದೀಯ ಎಂದು ಎಂದೂ ಕೇಳಲಿಲ್ಲ.

ಕೊನೆಯ ವರ್ಷಗಳಲ್ಲಿ ಅವಳ ಬಳಿ ಹೋಗುತ್ತಿದ್ದವಳು ನಾನೊಬ್ಬಳೇ. ಔಷಧಿ, ತರಕಾರಿ ತಂದುಕೊಡುತ್ತಿದ್ದೆ. ಬಿಸಿಲಿಗೆ ಕೂತು ಬಟಾಣಿ ಸುಲಿಯುತ್ತಿದ್ದಾಗ ಒಂದು ದಿನ ತಾನಾಗಿಯೇ ಅಂದಳು:

"ಆ ಕ್ರಿಮಿ ಮೇಲೆ ನಂಗೆ ಸಿಟ್ಟಿಲ್ಲ ಅನೀಸೆ. ಅದಕ್ಕೂ ಹೊಟ್ಟೆ ಇದೆ. ಸಿಕ್ಕಿದ್ದು ತಿಂತು."

"ಮತ್ತೆ ಯಾರ ಮೇಲೆ ಸಿಟ್ಟು ಖಾಲೆ?"

"ಹೆಶ್ಮತ್ ಮೇಲೆ," ಎಂದಳು. "ತೂರಜ್‌ನ ಮಣ್ಣಿನ ದಿನ ಅವನು ಅಂದ ಮಾತು ನಂಗೇ ಮೊದಲು ಹೊಳೀಲಿಲ್ಲ. ಹೊಳೆದಿದ್ರೆ ನಾನೇ ಅಂದ್ಕೊಂಡು ಮುಗಿಸ್ತಿದ್ದೆ. ಈಗ ನೆನಪಾದಾಗೆಲ್ಲ ಅವನ ದನೀಲೇ ಕೇಳಿಸುತ್ತೆ."

ವಸಂತದಲ್ಲಿ, ಊರೆಲ್ಲ ಸಸಿ ನೆಡಲು ಗದ್ದೆಗಿಳಿದಿದ್ದಾಗ, ಅವಳು ಅಡುಗೆಮನೆಯಲ್ಲಿ ಬಿದ್ದಳು. ಮೆದುಳಿನ ರಕ್ತನಾಳ ಒಡೆದಿತ್ತು ಎಂದರು. ಮಕ್ಕಳ ಪಕ್ಕದಲ್ಲಿ ಜಾಗವಿರಲಿಲ್ಲ, ಅಲ್ಲಿ ಹೆಶ್ಮತ್‌ನ ತಾಯಿಯನ್ನು ಮಲಗಿಸಿದ್ದರು. ಕೆಳಗಿನ ಸಾಲಿನಲ್ಲಿ, ನೀರು ನಿಲ್ಲುವ ಕಡೆ ಗೋರಿ ತೋಡಿದರು. ಬಂದವರು ಕಡಿಮೆ. ಝೀವರ್ ಬರಲಿಲ್ಲ. ಡಾಕ್ಟರ್ ಸೊತೂದೆಗೆ ಬೇರೆ ಊರಿಗೆ ವರ್ಗವಾಗಿತ್ತು.

ಹೆಶ್ಮತ್ ಬಂದಿದ್ದ, ಈಗ ಊರುಗೋಲು ಹಿಡಿದು, ಪಕ್ಕದಲ್ಲಿ ಸೆಮ್ನಾನಿನ ಮಗನೊಬ್ಬ. ಫಾತಿಹಾ ಓದಿ ಮುಖ ಸವರಿಕೊಂಡ. ಮಣ್ಣು ಇನ್ನೂ ಎಳೆಯುತ್ತಿದ್ದರು. ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಮನೆ ಕೀಲಿ ಯಾರ ಹತ್ರ ಇದೆ?"

ನನ್ನ ಹತ್ತಿರವೇ ಇತ್ತು. ಕೊಟ್ಟೆ.